ಒಬ್ಬನೋ, ಮೂವರೋ

ಮಸ್ಕಿಯಲ್ಲಿ ರೋಗಿಯೊಬ್ಬರನ್ನು ನೋಡಿ ಬರುತ್ತೇನೆಂದು ಹೊರಟ ಫಾದರ್ ಇನ್ನಾಸಪ್ಪ ಲಿಂಗಸುಗೂರಿನಲ್ಲೇ ಬಸ್ಸಿಳಿದರು. ಎರಡು ಸೀಟು ಹಿಂದೆ ಮುಸುಕೆಳೆದು ಕೂತಿದ್ದ ಆದಮ್ಮನೂ ಇಳಿದಳು.

ಮುದಗಲ್ಲಿನ ಚರ್ಚಿನಲ್ಲಿ ಹನ್ನೊಂದು ವರ್ಷದಿಂದ ಫಾದರ್‌ಗೆ ಅಡುಗೆ ಮಾಡಿ ಹಾಕುತ್ತಿರುವವಳು ಅವಳು. ಆರು ತಿಂಗಳಿಂದ ಪ್ರತಿ ಗುರುವಾರ ಈ ಮಸ್ಕಿ ಪ್ರಯಾಣ. ನಿಲುವಂಗಿ ಗೂಟಕ್ಕೆ, ಮೈಮೇಲೆ ಇಸ್ತ್ರಿ ಅಂಗಿ. ರೋಗಿ ಸಾಯುತ್ತಲೂ ಇರಲಿಲ್ಲ, ಗುಣವಾಗುತ್ತಲೂ ಇರಲಿಲ್ಲ.

ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನ ಫ್ಯಾಮಿಲಿ ರೂಮಿಗೆ ಫಾದರ್ ಹೊಕ್ಕರು. ಆದಮ್ಮ ಪಕ್ಕದ ಖೋಲಿಯಲ್ಲಿ ಕೂತು, ಚಹಾ ಹೇಳಿ, ಪ್ಲೈವುಡ್ಡಿನ ಸಂದಿಗೆ ಕಣ್ಣು ಹಚ್ಚಿದಳು. ಅನುಮಾನ ಸುಳ್ಳಾಗಲಿಲ್ಲ. ನಲವತ್ತರ ಆಸುಪಾಸಿನ ಹೆಂಗಸು. ಹಸಿರು ಸೀರೆ. ಲಕ್ಷಣವಾಗಿಯೇ ಇದ್ದಳು.

“ನಿಮ್ಮ ಮಾತು ಕೇಳಿ ಎಲ್ಲಾ ಬಿಟ್ಟು ಬರಾಕತ್ತೀನಿ,” ಎಂದರು ಫಾದರ್.

“ನಾನೂ ಬಿಟ್ಟೇ ಬರಬೇಕಲ್ರಿ. ನಮ್ಮ ಮಂದಿಗೆ ಏನಂತ ಹೇಳ್ಲಿ?”

“ಇನ್ನೊಮ್ಮೆ ವಿಚಾರ ಮಾಡ್ರಿ. ಒಬ್ಬನೇ ಸಾಕಲ್ಲ?”

“ಇಲ್ರೀ. ನನಗ ಮೂವರೂ ಬೇಕು.”

ಆದಮ್ಮನಿಗೆ ಚಹಾ ನೆತ್ತಿಗೇರಿತು. ಇನ್ನೂ ತಾಳಿ ಕಟ್ಟಿಲ್ಲ, ಆಗಲೇ ಮಕ್ಕಳ ಎಣಿಕೆ!

ಆ ಸಂಜೆ ಸಾರಿಗೆ ಉಪ್ಪೇ ಬೀಳಲಿಲ್ಲ. ಫಾದರ್ ಎರಡು ತುತ್ತು ಉಂಡು ತಲೆಯೆತ್ತಿದರು.

“ಲಗ್ನ ಯಾವಾಗ್ರಿ, ಫಾದರ್?”

ಅವರು ಗಾಬರಿಯಾದರು. ಅವಳು ಕಂಡದ್ದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು.

“ಲಗ್ನ ಅಲ್ಲ ಆದಮ್ಮ. ಆದ್ರ ಚರ್ಚ್ ಬಿಡೋದು ಖರೆ. ಹಟ್ಟಿಯೊಳಗ ಯೂನಿಟೇರಿಯನ್ ಅನ್ನೋ ಪಂಗಡದ್ದು ಹದಿನೈದು ಮನಿ ಅದಾವ. ಅವರೂ ಯೇಸುವಿನ ಮಾತು ಓದ್ತಾರ. ಆದ್ರ ಪಿತ, ಸುತ, ಪವಿತ್ರಾತ್ಮ ಅಂತ ಮೂವರಿಲ್ಲ, ದೇವರು ಒಬ್ಬನೇ ಅಂತಾರ. ನನಗೂ ಈಗ ಹಂಗ ಅನಸಾಕತ್ತೈತಿ. ಅಲ್ಲಿ ಪಾಸ್ಟರ್ ಜಾಗ ಖಾಲಿ ಆಗಾಕತ್ತೈತಿ, ಹೊಂಟೀನಿ.”

“ಹಂಗಾರ ಆ ಹೆಂಗಸು?”

“ಭಾಳ ಓದಿದಾಕಿ. ಆಕಿ ಜೋಡಿ ವಾದ ಮಾಡಿ ಮಾಡೇ ನನ್ನ ಮನಸ್ಸು ತಿರುಗಿತು.”

ಆದಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಹೆಂಗಸಿನ ಸಲುವಾಗಿ ಹೋಗಿದ್ರ ಮಾಫ್ ಮಾಡ್ತಿದ್ದೆ ಫಾದರ್. ಇಷ್ಟು ವರ್ಷ ಮೂವರ ಹೆಸರಿನಾಗ ನಮ್ಮ ಕಡಿಂದ ಶಿಲುಬೆ ಗುರುತು ಹಾಕಿಸಿ, ಈಗ ಇಬ್ಬರನ್ನ ನಡುದಾರಿಯಾಗ ಇಳಿಸಿ ಹೊಂಟೀರಲ್ಲ!”

ಫಾದರ್ ಉಪ್ಪಿನ ಡಬ್ಬಿ ಎಳೆದುಕೊಂಡು ಸಾರಿಗೆ ತಾವೇ ಉಪ್ಪು ಹಾಕಿಕೊಂಡರು. ಅವರು ಹೋದ ದಿನ ಅವಳು ಬ್ಯಾಗಿನಲ್ಲಿ ಒಂದು ಭರಣಿ ಉಪ್ಪಿನಕಾಯಿ ತುರುಕಿದಳು. ಆಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಳು.

ಈಸ್ಟರ್ ಬಂತು. ಹೊಸ ಫಾದರ್ ಮುಂದೆ ದೀಕ್ಷಾಸ್ನಾನಕ್ಕೆ ತಲೆಬಾಗಿ ನಿಂತ ಹೆಂಗಸನ್ನು ಕಂಡು ಆದಮ್ಮನ ಮೈ ಉರಿಯಿತು. ಅದೇ ಮುಖ! ಪೂಜೆ ಮುಗಿಯುವವರೆಗೂ ತುಟಿ ಕಚ್ಚಿಕೊಂಡಿದ್ದು, ಬಾಗಿಲಲ್ಲಿ ಅಡ್ಡಗಟ್ಟಿದಳು.

“ನಮ್ಮ ಫಾದರ್‌ನ ಅತ್ತ ದಬ್ಬಿ, ನೀ ಇತ್ತ ಬಂದೀಯಲ್ಲ! ಯಾರಬೇ ನೀ?”

ಹೆಂಗಸು ಒದ್ದೆ ತಲೆಯ ಮೇಲೆ ಸೆರಗು ಹೊದ್ದು ಕೈಮುಗಿದಳು.

“ಹಟ್ಟಿ ಯೂನಿಟೇರಿಯನ್ನರ ಪಾಸ್ಟರ್ ಆಗಿದ್ದೆ, ಯಕ್ಕಾ. ಆರು ತಿಂಗಳು ವಾದ ಮಾಡಿದ್ವಿ, ಇಬ್ಬರೂ ಗೆದ್ವಿ.”