ಮುಟ್ಟದೆ ಹೇಳಿದ ಆಯಸ್ಸು

“ಇದು ಇನ್ನು ಮೂರು ತಿಂಗಳು ಓಡಿದ್ರೆ ನನ್ನ ಹೆಸರು ಬದಲಾಯಿಸ್ಕೊಳ್ತೀನಿ,” ಎಂದ ಪ್ರೇಮ್‌ಕುಮಾರ್. ಅವನಿನ್ನೂ ಶೆಡ್ಡಿನ ಒಳಗೆ ಕಾಲಿಟ್ಟಿರಲಿಲ್ಲ.

ಶಿವಾಜಿನಗರದ ಗುಜರಿ ಗಲ್ಲಿಯಲ್ಲಿ ಶಫಿಯದು ಕೊನೆಯ ಶೆಡ್ಡು. ಒಳಗೆ ಎರಡು ಮರದ ದಿಮ್ಮಿಗಳ ಮೇಲೆ ದೋಣಿಯ ಡೀಸೆಲ್ ಇಂಜಿನ್ ಕೂತಿತ್ತು. ಮೈತುಂಬ ಹೊಸ ಹಸಿರು ಬಣ್ಣ. ಅದರ ಪಕ್ಕದಲ್ಲಿ ಗಂಗಾ, ಸೆರಗನ್ನು ಬಿಗಿಯಾಗಿ ಹೊದ್ದು ನಿಂತಿದ್ದಳು.

ಅವಳ ಗಂಡ ಭಗವಂತರಾಯನೂ ಹಲಸೂರಿನ ಪ್ರೇಮ್‌ಕುಮಾರನೂ ಸಮಪಾಲಿನಲ್ಲಿ ಒಂದು ದೋಣಿ ಇಟ್ಟಿದ್ದರು. ಕೆ.ಆರ್. ಪುರದಾಚೆಯ ಕೆರೆಯಲ್ಲಿ ಅಂತರಗಂಗೆ ಕಳೆ ತೆಗೆಯುವ ಗುತ್ತಿಗೆ. ರಿಪೇರಿಯ ಹೊಣೆ ಪ್ರೇಮ್‌ಕುಮಾರನದು, ದೋಣಿ ನಡೆಸುವುದು ಭಗವಂತರಾಯನದು. ಕೆರೆ ಕೋಡಿ ಬಿದ್ದ ದಿನ ದೋಣಿ ನೀರಿನ ಸೆಳೆತಕ್ಕೆ ಸಿಕ್ಕಿ ಮಗುಚಿತು. ಹೆಣ ಮರುದಿನ ಸಿಕ್ಕಿತು. ಕುಡಿದು ನಡೆಸಿದ, ಸತ್ತ ಎಂದು ಪ್ರೇಮ್‌ಕುಮಾರ್ ಕಂಡಕಂಡವರಿಗೆಲ್ಲ ಹೇಳಿದ. ತನ್ನ ಗಂಡ ಹೆಂಡ ಮುಟ್ಟಿದವನಲ್ಲ ಎಂದು ಗಂಗಾ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಈಗ ಪಾಲು ಮುರಿಯುವ ಹೊತ್ತು. ಇಂಜಿನ್ನಿಗೆ ಎಷ್ಟು ಆಯಸ್ಸು ಉಳಿದಿದೆಯೋ ಅಷ್ಟು ಬೆಲೆ. ಅದರಲ್ಲಿ ಅರ್ಧವನ್ನು ಪ್ರೇಮ್‌ಕುಮಾರ್ ಗಂಗಾಳಿಗೆ ಕೊಡಬೇಕು.

“ಕೆರೆಯಿಂದ ಎತ್ತಿದಾರೆ ಅಂತ ಕೇಳ್ದೆ,” ಎಂದ ಪ್ರೇಮ್‌ಕುಮಾರ್. “ತೊಳೆದು ಬಣ್ಣ ಬಳಿದ್ರೆ ಸತ್ತಿದ್ದಕ್ಕೆ ಜೀವ ಬರುತ್ತೇನಮ್ಮಾ?”

ಗಂಗಾ ಆ ಮಾತನ್ನು ನುಂಗಿಕೊಂಡಳು. “ಎತ್ಯಾರ್ರಿ ಅಣ್ಣಾರ. ಇಂಜಿನ್ ಚಲೋ ಅದ. ನೀವೇ ನೋಡಿ ಹೇಳ್ರಿ.”

ಮೂಲೆಯ ಸ್ಟೂಲಿನ ಮೇಲೆ ಒಬ್ಬ ಕೂತಿದ್ದ. ಇಸ್ತ್ರಿ ಕೆಡದ ಅಂಗಿ, ಹೊಳೆಯುವ ಕಂದು ಬೂಟು.

“ಇವನ್ಯಾರು?”

“ಚಂದ್ರಾಮಪ್ಪೋರ್ರಿ. ಇಂಜಿನ್ ವಿಚಾರಕ್ಕ ಬಂದಾರ.”

“ಮೆಕ್ಯಾನಿಕ್ಕಾ?” ಪ್ರೇಮ್‌ಕುಮಾರ್ ನಕ್ಕ. “ಉಗುರಲ್ಲಿ ಒಂದು ತೊಟ್ಟು ಆಯಿಲ್ ಇಲ್ಲ. ಊರಿಂದ ನೆಂಟನ್ನ ಕರೆಸ್ಬಿಟ್ಟು ನನ್ನನ್ನೇ ಆಟ ಆಡಿಸ್ತೀಯಾ?”

ಚಂದ್ರಾಮಪ್ಪ ಕಾಲ ಮೇಲೆ ಕಾಲು ಹಾಕಿ ಕೂತ.

ಹಳೆಯ ಇಂಜಿನ್ ನೋಡಲು ಬಂದವನು ಮೊದಲು ಅದರ ಮೈ ಮುಟ್ಟುತ್ತಾನೆ. ಬೆಚ್ಚಗಿದ್ದರೆ ಮಾರುವವನು ಆಗಲೇ ಓಡಿಸಿಟ್ಟು ರೋಗ ಮುಚ್ಚಿದ್ದಾನೆ ಎಂದರ್ಥ. ಗುಜರಿ ಗಲ್ಲಿಯಲ್ಲಿ ಇದನ್ನು ಯಾರೂ ತಪ್ಪಿಸುವುದಿಲ್ಲ.

“ಕೈ ಇಟ್ಟು ನೋಡಿ ಸಾಬ್, ತಣ್ಣಗಿದೆ,” ಎಂದ ಶಫಿ. “ಬೇಕಾದ್ರೆ ಪಂಪೂ ಬಿಚ್ಚಿ ತೋರಿಸ್ತೀನಿ.”

“ನನಗೆ ಹೇಳ್ಕೊಡ್ಬೇಡ ಗುರು. ನನ್ನ ಇಂಜಿನ್ನಿನ ಹಣೆಬರಹ ನನಗೆ ಗೊತ್ತಿಲ್ವಾ?” ಪ್ರೇಮ್‌ಕುಮಾರ್ ಕೈಗಳನ್ನು ಪ್ಯಾಂಟಿನ ಜೇಬಿನಿಂದ ತೆಗೆಯಲೇ ಇಲ್ಲ.

ಶಫಿ ಪಂಪಿನ ಪೈಪನ್ನು ನೀರಿನ ಡ್ರಮ್ಮಿಗೆ ಇಳಿಬಿಟ್ಟು, ಹ್ಯಾಂಡಲ್ ಹಾಕಿ ತಿರುಗಿಸಿದ. ಎರಡನೇ ಸುತ್ತಿಗೇ ಇಂಜಿನ್ ಶುರುವಾಯಿತು. ಒಂದು ಬಾರಿ ಬಿಳಿ ಹೊಗೆ ಉಗುಳಿತು. ಆಮೇಲೆ ಹೊಗೆ ಕಣ್ಣಿಗೆ ಕಾಣದಷ್ಟು ತೆಳುವಾಯಿತು.

“ಇದೇ ಇದರ ಮೋಸ,” ಪ್ರೇಮ್‌ಕುಮಾರ್ ಸದ್ದಿನ ಮೇಲೆ ದನಿ ಎತ್ತಿದ. “ತಣ್ಣಗಿದ್ದಾಗ ಕುದುರೆ ಥರ ಓಡುತ್ತೆ. ಅರ್ಧ ಗಂಟೆ ಬಿಡು, ಕಾದು ನಿಂತ್ಬಿಡುತ್ತೆ. ಆಮೇಲೆ ಆರೋ ತನಕ ನಿಮ್ಮಪ್ಪ ಬಂದ್ರೂ ಸ್ಟಾರ್ಟ್ ಆಗಲ್ಲ.”

ಚಂದ್ರಾಮಪ್ಪ ಮೊದಲ ಸಲ ಮಾತಾಡಿದ. “ಯಾಕ ನಿಲ್ತದ?”

“ಅದೂ ಗೊತ್ತಿಲ್ವೇನಯ್ಯಾ ದೊಡ್ಡ ಮೆಕ್ಯಾನಿಕ್ಕು? ನೀರೆಳೆಯೋ ಪಂಪಿನೊಳಗೆ ರಬ್ಬರ್ ರೆಕ್ಕೆ ಮುರಿದಿದೆ. ನೀರು ಹೋಗದೆ ಪಿಸ್ಟನ್ ಕಚ್ಕೊಳ್ಳುತ್ತೆ. ಎರಡನೇ ಪಿಸ್ಟನ್ ಮೇಲೆ ಉದ್ದಕ್ಕೆ ಗೀರು ಬಿದ್ದಿದೆ. ಯುಗಾದಿ ಹೊತ್ತಲ್ಲಿ ಬಿಚ್ಚಿಸಿ ನಾನೇ ನೋಡಿದೀನಿ.”

“ರಿಪೇರಿ ಮಾಡಿಸಲಿಲ್ಲೇನು?”

“ಯಾಕ್ ಮಾಡಿಸ್ಲಿ? ಇವಳ ಗಂಡ ದಿನಾ ಬಂದು ತಲೆ ತಿನ್ತಿದ್ದ. ಅಣ್ಣಾ, ನಡುನೀರಲ್ಲಿ ನಿಲ್ತದ, ಪಂಪ್ ಹಾಕಿಸ್ರಿ ಅಂತ. ಈ ಮಳೆಗಾಲ ಹೆಂಗೋ ತಳ್ಳು ಮಗಾ ಅಂದಿದ್ದೆ. ಸಾಯೋ ಇಂಜಿನ್ನಿಗೆ ಯಾರಾದ್ರೂ ಹೊಸ ಪಂಪ್ ಹಾಕಿಸ್ತಾರಾ?”

ಗಂಗಾ ಅವನ ಕಡೆಗೆ ತಿರುಗಿದಳು. “ಇಂಜಿನ್ ಹೊಸಾದರಂಗ ಇತ್ತು ಅಂತ ನೀವೇ ಹೇಳಿದ್ರಲ್ರಿ ಅಣ್ಣಾರ? ಅವರು ಹೋದ ದಿನ?”

“ಅದು ಬೇರೆ, ಇದು ವ್ಯವಹಾರ. ಗುಜರಿ ತೂಕಕ್ಕೆ ಏನು ಬರುತ್ತೋ ಅದರಲ್ಲಿ ಅರ್ಧ ಎಸೀತೀನಿ. ಒಪ್ಪಿದ್ರೆ ಇವತ್ತೇ ಮುಗೀತು. ಇಲ್ಲಾಂದ್ರೆ ತಲೆ ಮೇಲೆ ಹೊತ್ಕೊಂಡು ನಿಮ್ಮೂರಿಗೆ ಹೋಗು.”

ಗಂಗಾ ಚಂದ್ರಾಮಪ್ಪನ ಕಡೆಗೆ ನೋಡಿದಳು. ಅವನು ಚಹಾ ತರಿಸಿದ. ಪ್ರೇಮ್‌ಕುಮಾರ್ ಸಿಡುಕುತ್ತಲೇ ಕುಡಿದ. ಎರಡನೇ ಚಹಾನೂ ಬಂತು. ಅವನು ವಾಚು ನೋಡಿಕೊಂಡ, ಮೊಬೈಲಿನಲ್ಲಿ ಯಾರಿಗೋ ಬೈದ, ಮತ್ತೆ ವಾಚು ನೋಡಿಕೊಂಡ. ಅರ್ಧ ಗಂಟೆ ದಾಟಿ ಎಷ್ಟೋ ಹೊತ್ತಾಗಿತ್ತು. ಇಂಜಿನ್ ಒಂದೇ ದನಿಯಲ್ಲಿ ಓಡುತ್ತಲೇ ಇತ್ತು.

ಪ್ರೇಮ್‌ಕುಮಾರನ ಹುಬ್ಬು ಗಂಟಿಕ್ಕಿತು. ಅವನು ಅಂದು ಮೊದಲ ಬಾರಿಗೆ ಇಂಜಿನ್ನಿನ ಹತ್ತಿರ ಬಗ್ಗಿದ. ಕೈ ಚಾಚಿ ಅದರ ಮೈ ಮುಟ್ಟಿದ. ಬೆಚ್ಚಗಿತ್ತು, ಅಷ್ಟೆ. ಅಂಗೈ ಸುಡಲಿಲ್ಲ.

“ಸಾಬ್,” ಶಫಿ ಕೇಳಿದ. ಕೇಳಿದ್ದು ಪ್ರೇಮ್‌ಕುಮಾರನನ್ನಲ್ಲ. “ನಿಮ್ಮ ಕೆಲಸ ಆಯ್ತಲ್ಲ, ನನ್ನ ಇಂಜಿನ್ ಆರಿಸ್ಲಾ? ನಾಳೆ ಇದನ್ನ ತಗೊಳ್ಳೋ ಗಿರಾಕಿ ಬರ್ತಾರೆ.”

“ಆರಿಸು,” ಎನ್ನುತ್ತ ಚಂದ್ರಾಮಪ್ಪ ಸ್ಟೂಲಿನಿಂದ ಎದ್ದು ಪ್ರೇಮ್‌ಕುಮಾರನ ಹೆಗಲ ಮೇಲೆ ಕೈ ಇಟ್ಟ. “ಕೆರೆಯಿಂದ ಎತ್ತಿದ್ದು ನಮ್ಮ ಠಾಣೆ ಹಿತ್ತಲದಾಗ ಸೀಲಾಗಿ ಬಿದ್ದದ, ಅದರ ಪಂಪಿನ ರೆಕ್ಕೆ ಮುರಿದದ್ದು, ಎರಡನೇ ಪಿಸ್ಟನ್ ಗೀರಿದ್ದು ನಾವಿನ್ನೂ ಯಾರಿಗೂ ಹೇಳಿಲ್ಲ.”