ಹಳದಿ ಮಾತ್ರೆ, ಬಿಳಿ ಮಾತ್ರೆ

"ಇಬ್ಬರೂ ಹಂಚಿಕೊಂಡ್ವಿ ಸಿಸ್ಟರ್," ಎಂದಳು ಅಕ್ಕ, ಏನೋ ಒಳ್ಳೆಯ ಕೆಲಸ ಮಾಡಿದವಳ ಹಾಗೆ.

ನರ್ಸು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮಲೇರಿಯಾ ಬಂದಿದ್ದ ಈ ಅಕ್ಕನಿಗೆ ಹೋದ ವಾರ ಪೂರ್ತಿ ಔಷಧಿ ಕೊಟ್ಟು ಕಳಿಸಿದ್ದಳು. ಒಂದಿಷ್ಟು ಹಳದಿ ಮಾತ್ರೆ, ಒಂದಿಷ್ಟು ಬಿಳಿ. ಮನೆಗೆ ಹೋಗಿ ನೋಡಿದರೆ ತಂಗಿಗೂ ಚಳಿಜ್ವರ. ಇಬ್ಬರೂ ಸೇರಿ ಟೈಲರಿಂಗ್ ಅಂಗಡಿ ನಡೆಸುವವರು, ಅಕ್ಕ ಬಟ್ಟೆ ಕತ್ತರಿಸಿದರೆ ತಂಗಿ ಹೊಲಿಯುವುದು. ಮಾತ್ರೆಯನ್ನೂ ಅದೇ ಲೆಕ್ಕದಲ್ಲಿ ಪಾಲು ಮಾಡಿದ್ದರು. ಹಳದಿಯದು ಬಲು ಕಹಿ, ಹಾಗಾಗಿ ಅದು ಅಕ್ಕನಿಗೆ. ಬಿಳಿಯದೆಲ್ಲ ತಂಗಿಗೆ. ಈಗ ಇಬ್ಬರಿಗೂ ಜ್ವರ ಮರುಕಳಿಸಿತ್ತು. ಅಕ್ಕನ ಕಣ್ಣು ಗುಳಿಬಿದ್ದಿತ್ತು, ಬೆಂಚಿನ ಮೇಲೆ ಕೂತಿರಲೂ ತಂಗಿಯ ಹೆಗಲು ಬೇಕಾಗಿತ್ತು. ಬಾಯಿ ಮಾತ್ರ ಸೋತಿರಲಿಲ್ಲ. ಹೊಲಿಗೆ ಮಿಷನ್ನು ಕೆಟ್ಟಿದ್ದು, ಗಿರಾಕಿಗಳು ಬೈದದ್ದು ಎಲ್ಲ ಹೇಳಿ ಮುಗಿಸಿದ್ದಳು.

"ಬರೀ ಒಂದು ಥರದ ಮಾತ್ರೆಗೆ ಈ ರೋಗ ಈಗ ಜಗ್ಗಲ್ಲಮ್ಮ," ಎಂದಳು ನರ್ಸು. ಬೆಳಗಿನಿಂದ ಇದನ್ನೇ ಹೇಳಿ ಹೇಳಿ ಅವಳ ಗಂಟಲು ಕಟ್ಟಿತ್ತು. ಯಾರಿಗೆ ಬೇಕಪ್ಪಾ ಈ ಕೆಲಸ ಅನ್ನಿಸಿತ್ತು. "ಒಂದು ಹೊಡೆದು ಓಡಿಸುತ್ತೆ, ಇನ್ನೊಂದು ಅಡಗಿರೋದನ್ನ ಹುಡುಕಿ ಮುಗಿಸುತ್ತೆ. ಎರಡೂ ಒಂದೇ ಹೊಟ್ಟೆಗೆ ಹೋಗಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು. ಹಳದಿ ತಗೊಂಡವರಿಗೆ ಬಿಳೀದೂ ಆಗಬೇಕು. ಬಿಳೀದು ತಗೊಂಡವರಿಗೆ ಹಳದೀನೂ ಆಗಬೇಕು," ಎಂದಳು ಅಕ್ಕ.

"ಹಾಂ, ಅಷ್ಟೇ," ಎಂದು ನರ್ಸು ಬೀರು ತೆಗೆದಳು. ಉಳಿದಿದ್ದು ಒಬ್ಬರಿಗೆ ಇವತ್ತಿಗೆ ಆಗುವಷ್ಟು ಮಾತ್ರ, ಒಂದು ಹಳದಿ, ಒಂದು ಬಿಳಿ. ಔಷಧಿ ವ್ಯಾನು ಬರುವುದು ನಾಳೆ.

"ಅವಳಿಗೆ ಕೊಡಿ," ಎಂದಳು ಅಕ್ಕ.

"ಅಕ್ಕಂಗೇ ಕೊಡಿ ಸಿಸ್ಟರ್," ಎಂದಳು ತಂಗಿ.

"ಕೊಸರಾಡಬೇಡಿ. ನಿಮ್ಮ ತಂಗಿ ನಾಳೆ ತನಕ ತಡೀತಾರೆ. ನೀವು ತಡೆಯಲ್ಲ." ಹೋದ ತಿಂಗಳು ಹೀಗೇ ಅರೆಬರೆ ಔಷಧಿ ಮಾಡಿಕೊಂಡಿದ್ದ ಡ್ರೈವರೊಬ್ಬನನ್ನು ಇದೇ ಬೆಂಚಿನಿಂದ ಹೊತ್ತುಕೊಂಡು ಹೋಗಿದ್ದರು. ಅದು ನೆನಪಾಗಿ ನರ್ಸು ಎರಡು ಮಾತ್ರೆಯನ್ನೂ ಅಕ್ಕನ ಕೈಗೇ ಇಟ್ಟಳು. "ನನ್ನ ಕಣ್ಣೆದುರಿಗೇ ನುಂಗಿ."

ಅಕ್ಕ ಎರಡನ್ನೂ ಬಾಯಿಗೆ ಹಾಕಿಕೊಂಡು ಗಟಗಟ ನೀರು ಕುಡಿದಳು. ಸದ್ಯ, ಬದುಕಿಕೊಂಡಳು ಎಂದು ನರ್ಸು ಕುರ್ಚಿಗೆ ಕುಸಿದಳು.

"ವಾಂತಿ ಬರೋ ಹಾಗಿದೆಯಾ?"

ಅಕ್ಕ ಇಲ್ಲವೆಂದು ತಲೆಯಾಡಿಸಿದಳು.

"ಸ್ವಲ್ಪ ಮಲಗ್ತೀರಾ?"

ಅದಕ್ಕೂ ತಲೆಯಾಡಿಸಿದಳು. ಇಷ್ಟು ಹೊತ್ತು ವಟಗುಟ್ಟುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಏನಾಯಿತು? ನರ್ಸು ಎದ್ದಳು. "ಬಾಯಿ ಬಿಡಿ. ನಾಲಿಗೆ ಎತ್ತಿ."

ನಾಲಿಗೆಯ ಕೆಳಗೆ ಹಳದಿ ಮಾತ್ರೆ ಕರಗತೊಡಗಿತ್ತು. ಅಷ್ಟು ಕಹಿಯನ್ನು ಇಟ್ಟುಕೊಂಡೂ ಆ ಮುಖ ಒಂದಿಷ್ಟೂ ಕಿವುಚಿರಲಿಲ್ಲ. ಅಕ್ಕ ಅದನ್ನು ಅಂಗೈಗೆ ತೆಗೆದುಕೊಂಡಳು.

"ಬಿಳೀದು ನುಂಗಿದೀನಿ ಸಿಸ್ಟರ್, ಆಣೆಗೂ. ಹಳದಿ ನಂಗೆ ಹೋದ ವಾರಾನೇ ಆಗಿದೆಯಲ್ಲ. ಇದು ಅವಳದು ಬಾಕಿ."

ಎರಡನ್ನೂ ಒಟ್ಟಿಗೇ ನುಂಗಬೇಕು ಎಂದು ತಾನು ಹೇಳಲೇ ಇಲ್ಲವೆಂಬುದು ನರ್ಸಿಗೆ ಆಗ ಹೊಳೆಯಿತು. ಅಷ್ಟರಲ್ಲಿ ತಂಗಿ ಅಕ್ಕನ ಕಡೆಗೆ ತಿರುಗಿ, ಕಣ್ಣು ಮುಚ್ಚಿ, ಬಾಯಿ ತೆರೆದುಕೊಂಡು ಕೂತಿದ್ದಳು.