ಚಪ್ಪಾಳೆಗೆ ಎರಡು ಕುರ್ಚಿ

ಬೇಸಿಗೆ ಮುಗಿಯುತ್ತ ಬಂದ ಒಂದು ಶನಿವಾರ, ಮಧ್ಯಾಹ್ನ ನಾಲ್ಕರ ಹೊತ್ತು. ಕಲಾಭವನದ ಕಾರ್ಯದರ್ಶಿ ಬಾಗಿಲ ಬಳಿಯ ಕರಿಹಲಗೆಯಲ್ಲಿ ಮುಂದಿನ ತಿಂಗಳ ಕಾರ್ಯಕ್ರಮಗಳನ್ನು ಬರೆಯುತ್ತಿದ್ದ. ಮಕ್ಕಳ ಚಿತ್ರಕಲೆ, ಮಣ್ಣಿನ ಗೊಂಬೆ ಮಾಡುವ ತರಗತಿ, ನಾಟಕ. ಸಂಗೀತದ ಟೀಚರು ತಿಂಗಳಿಗೊಮ್ಮೆ ಹಾಡುವ ಎರಡನೇ ಶನಿವಾರದ ಮುಂದೆ ಮಾತ್ರ ಏನೂ ಬರೆಯದೆ ಸೀಮೆಸುಣ್ಣ ಕೆಳಗಿಟ್ಟ.

"ಟೀಚರ ಹಾಡು ಬರೀಲಿಲ್ವಾ?" ಎಂದ ಕುರ್ಚಿಯಜ್ಜ. ಮೂವತ್ತು ವರ್ಷದಿಂದ ಅಲ್ಲಿ ಕುರ್ಚಿ ಹಾಕಿ ತೆಗೆಯುವವನನ್ನು ಬೇರೆ ಹೆಸರಿನಿಂದ ಕರೆದವರಿಲ್ಲ.

"ಇವತ್ತು ಸಂಜೆ ಎಷ್ಟು ಜನ ಬರ್ತಾರೆ ನೋಡಿ ಬರೀತೀನಿ ಅಜ್ಜ. ಹೋದ ಸಲ ಪಾಪ, ಖಾಲಿ ಕುರ್ಚಿಗಳಿಗೇ ಹಾಡಿದ್ರು. ಇವತ್ತೂ ಹಾಗೇ ಆದ್ರೆ ಕೈಬಿಡೋದೇ."

ಅಜ್ಜ ಕೈಲಿದ್ದ ಕುರ್ಚಿ ಕೆಳಗಿಟ್ಟ. ಹಾಡು ನಿಂತರೆ ತಂಗಿಯ ಊರು ಸೇರುತ್ತೇನೆಂದು ಟೀಚರು ಆಗಲೇ ಹೇಳಿಬಿಟ್ಟಿದ್ದರು. ತಮ್ಮ ಚಹಾದಲ್ಲಿ ಅರ್ಧವನ್ನು ಅವನ ಲೋಟಕ್ಕೆ ಬಗ್ಗಿಸಿ, ಮೊಣಕಾಲು ನೋವು ಹೇಗಿದೆ ಎಂದು ಕೇಳುವ ಜೀವ ಆ ಭವನದಲ್ಲಿ ಅವರೊಬ್ಬರೇ.

ಅಜ್ಜ ಟೊಂಕ ಕಟ್ಟಿ ನಿಂತ. ನೂರೈವತ್ತರ ಬದಲು ಮೂವತ್ತೇ ಕುರ್ಚಿ ಹಾಕಿದ, ಒಂದಕ್ಕೂ ಇನ್ನೊಂದಕ್ಕೂ ಮೊಳ ದೂರ. ಸಭಾಂಗಣದ ಹಿಂದಿನ ಅರ್ಧಕ್ಕೆ ಪರದೆ ಎಳೆದ. ಅಷ್ಟು ಮಾಡಿಯೂ ಬಂದವರು ಹತ್ತೊಂಬತ್ತು ಜನ. ಉಳಿದ ಹನ್ನೊಂದು ಕುರ್ಚಿಗಳು ಹಲ್ಲು ಬಿದ್ದ ಬಾಯಿಯಂತೆ ಅಲ್ಲಲ್ಲಿ ಕಾಣುತ್ತಿದ್ದವು. ಟೀಚರು ಹಾಡಿದರು. ಪ್ರತಿ ಹಾಡು ಮುಗಿದು ಚಪ್ಪಾಳೆ ಬಿದ್ದಾಗಲೂ ಅಜ್ಜ ಆ ಸದ್ದಿನ ಮರೆಯಲ್ಲಿ ಬೆಕ್ಕಿನಂತೆ ಬಂದು, ಎರಡು ಖಾಲಿ ಕುರ್ಚಿ ಮಡಚಿ ಪರದೆಯ ಹಿಂದಕ್ಕೆ ಸಾಗಿಸಿದ. ಐದು ಹಾಡಿಗೆ ಹತ್ತು ಹೋದವು. ಆರನೆಯ ಹಾಡಿನ ನಡುವೆ ಕಾರ್ಯದರ್ಶಿ ಬಾಗಿಲಲ್ಲಿ ಕಾಣಿಸಿಕೊಂಡಾಗ, ಉಳಿದೊಂದು ಕುರ್ಚಿಯಲ್ಲಿ ಅಜ್ಜ ತಾನೇ ಕೂತುಬಿಟ್ಟ.

"ಅಬ್ಬಾ, ಕೂರೋಕೇ ಜಾಗ ಇಲ್ವಲ್ಲ!" ಎಂದುಕೊಂಡು ಕಾರ್ಯದರ್ಶಿ ಹೊರಗೆ ಹೋಗಿ ಟೀಚರ ಹೆಸರು ಬರೆದ.

ಎಲ್ಲರೂ ಹೋದ ಮೇಲೆ ಟೀಚರು ವೇದಿಕೆ ಇಳಿದು ಬಂದರು. "ಕಳ್ಳ ನೀವು. ಮೇಲೆ ಕೂತವರಿಗೆ ಎಲ್ಲ ಕಾಣುತ್ತೆ, ತಿಳ್ಕೊಳ್ಳಿ."

ಅಜ್ಜ ಬೊಚ್ಚುಬಾಯಿ ಬಿಟ್ಟು ನಕ್ಕ. "ಇಪ್ಪತ್ತು ಜನ ಇದ್ರಲ್ಲ ತಾಯಿ, ನನ್ನನ್ನೂ ಸೇರಿಸಿ! ಹಲಗೆ ಮೇಲೆ ಹೆಸರೂ ಬಂತು, ನೋಡಿ ಹೋಗಿ."

"ಅದಿರ್ಲಿ. ಕೊನೇ ಹಾಡು ಹೇಗಿತ್ತು? ಹೊಸದು. ವರ್ಷವಿಡೀ ತಿದ್ದಿದ್ದೀನಿ."

ಅಜ್ಜ ತಲೆ ಕೆರೆದುಕೊಂಡ. "ಚಪ್ಪಾಳೆ ಜೋರಾಗೇ ಬಿತ್ತು."

"ಚಪ್ಪಾಳೆ ಅಲ್ಲ ಅಜ್ಜ. ಹಾಡು."

ಅಜ್ಜ ಪಕ್ಕದ ಕುರ್ಚಿ ಮಡಚತೊಡಗಿದ. ಸಂಜೆಯೆಲ್ಲ ಅವನ ಕಿವಿ ಕಾದದ್ದು ಹಾಡು ಯಾವಾಗ ಮುಗಿಯುತ್ತದೆ ಎಂದು; ಕೊನೆಗೆ ಕೂತಾಗಲೂ ಗಮನವೆಲ್ಲ ಬಾಗಿಲ ಕಡೆಗೇ.

"ಹಾಗಾದ್ರೆ ಕೇಳಿದವರು ಹತ್ತೊಂಬತ್ತೇ. ನೀವೂ ಕೇಳದ ಮೇಲೆ ನಾನಿಲ್ಲಿ ಯಾರಿಗೆ ಹಾಡ್ಲಿ?" ಎಂದರು ಟೀಚರು. ದನಿಯಲ್ಲಿ ಸಿಟ್ಟಿರಲಿಲ್ಲ. ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ಹಾಕಿ, ಅವನ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿ ಹೋದರು.

ಸೋಮವಾರ ಬೆಳಿಗ್ಗೆ ಟೀಚರು ಆ ಪೆಟ್ಟಿಗೆಯ ಸಮೇತ ತಂಗಿಯ ಊರಿನ ಬಸ್ಸು ಹತ್ತಿದರು. ಹಲಗೆಯ ಮೇಲಿನ ಹೆಸರನ್ನು ಒರೆಸುವ ಕೆಲಸ ಅಜ್ಜನ ಪಾಲಿಗೇ ಬಂತು.